ಪಾಸಿನಾಕಿ, ಟಿಕೆಟಿನಾತ

ಬೈಲಹೊಂಗಲಕ್ಕೆ ರೈಲಿಲ್ಲ. ಕಿತ್ತೂರಿಗೂ ಇಲ್ಲ, ಸವದತ್ತಿಗೂ ಇಲ್ಲ, ರಾಮದುರ್ಗಕ್ಕೂ ಇಲ್ಲ. ಆದರೆ ರೈಲಿನ ಮಾತಿಗೆ ಈ ನಾಲ್ಕೂ ಊರಲ್ಲಿ ಎಂದೂ ಬರ ಬಿದ್ದಿಲ್ಲ. ನಮ್ಮಲ್ಲಿ ರೈಲು ಓಡುವುದು ಪತ್ರಿಕೆಯಲ್ಲಿ. ಚುನಾವಣೆ ಹತ್ತಿರ ಬಂದಾಗ ಅದು ಲೋಕಾಪುರದಿಂದ ಹೊರಟು ರಾಮದುರ್ಗ, ಸವದತ್ತಿ ಹಾಯ್ದು ಧಾರವಾಡ ಮುಟ್ಟುತ್ತದೆ. ಮತ ಎಣಿಕೆ ಮುಗಿದ ಮರುದಿನ ಸಪ್ಪಳ ಮಾಡದೆ ಲೋಕಾಪುರಕ್ಕೆ ಮರಳುತ್ತದೆ.

ಇದರಲ್ಲಿ ಹಳೆಯವರ ಪಾಲೂ ಇದೆ. ಬ್ರಿಟಿಷರ ಕಾಲದಲ್ಲಿ ಹಳಿ ಹಾಕಿದವರು ಧಾರವಾಡದಿಂದ ನೆಟ್ಟಗೆ ಬೆಳಗಾವಿಗೆ ಬರುವುದು ಬಿಟ್ಟು ಲೋಂಡಾದ ಕಾಡಿಗೆ ಹೋಗಿ, ಅಲ್ಲಿಂದ ಖಾನಾಪುರದ ಮೇಲೆ ಬೆಳಗಾವಿಗೆ ಹತ್ತಿದರು. ಇಂದಿಗೂ ರೈಲಿನಲ್ಲಿ ಧಾರವಾಡದಿಂದ ಬೆಳಗಾವಿಗೆ ಸುಮಾರು 121 ಕಿಲೋಮೀಟರ್. ಕಿತ್ತೂರಿನ ಮೇಲೆ ನೇರ ಹಳಿ ಹಾಕಿದರೆ 73. ಈ 73 ಕಿಲೋಮೀಟರಿನ ಬೆನ್ನು ಹತ್ತಿದವರು 2019ರಲ್ಲಿ ರೈಲ್ವೆ ರಾಜ್ಯ ಸಚಿವರಾದ ಬೆಳಗಾವಿಯ ಸುರೇಶ ಅಂಗಡಿ. 927 ಕೋಟಿ ರೂಪಾಯಿಯ ಯೋಜನೆ ಮಂಜೂರೂ ಆಯಿತು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಆಮೇಲೆ ಆ ಹಳಿ ಹೊಲಗಳ ಅಳತೆಯಲ್ಲಿ, ಪರಿಹಾರದ ಮಾತುಕತೆಯಲ್ಲಿ ತೆವಳುತ್ತ ನಡೆದಿದೆ. ಕಿತ್ತೂರಿನ ನನ್ನ ಸಡ್ಡಕರು ಈ ಮಾರ್ಗದ ದೊಡ್ಡ ಬೆಂಬಲಿಗರು. “ರೈಲು ಬರಬೇಕ್ರೀ, ಬಂದs ಬರಬೇಕು,” ಎಂದು ಗದ್ದಲ ಹಾಕುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಹೊಲಾ ಬಿಟ್ಟು ಬಾಜೂ ಹೊಲದಾಗ ಹಾಸಿ ಬಂದ್ರ ಭಾಳ ಛಲೋ,” ಎಂದು ಸೇರಿಸುತ್ತಾರೆ.

ಇಂಥ ನಾಲ್ಕು ತಾಲೂಕುಗಳ ನಡುವೆ ನೆಂಟಸ್ತಿಕೆ ಮಾಡಿಕೊಂಡು ಕುಳಿತ ಮನೆ ನಮ್ಮದು. ನಾನು ಬೈಲಹೊಂಗಲದವನು. ನಮ್ಮಾಕಿಯ ತವರು ಸವದತ್ತಿ. ಆಕೆಯ ತಂಗಿಯನ್ನು ಕಿತ್ತೂರಿಗೆ ಕೊಟ್ಟಿದೆ. ನಮ್ಮ ಮಗಳನ್ನು ರಾಮದುರ್ಗಕ್ಕೆ ಕೊಟ್ಟೆವು. ಅಳಿಯ ಆಕೆಯನ್ನು ಕರೆದುಕೊಂಡು ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋದ. ಒಂದು ರವಿವಾರ ಆ ಮಗಳು ಫೋನಿನಲ್ಲಿ ಮುಖ ತೋರಿಸಿ ಹೀಗೆಂದಳು:

“ಅಪ್ಪಾ, ಈ ಬ್ಯಾಸಗಿಗೆ ನೀವಿಬ್ಬರೂ ಬರಬೇಕು. ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ ಎಲ್ಲಾ ರೈಲಿನ್ಯಾಗ ತಿರಗ್ಯಾಡಿ ಬರ್ರಿ. ಪಾಸ್ ತಗಸೂದೋ, ಆಯಾ ಊರಿಗೆ ಬ್ಯಾರೆ ಬ್ಯಾರೆ ಟಿಕೆಟ್ ತಗಸೂದೋ? ವಿಚಾರ ಮಾಡಿ ಹೇಳ್ರಿ.”

“ಟಿಕೆಟ್,” ಎಂದೆ ನಾನು.

“ಪಾಸ್,” ಎಂದಿತು ಅಡುಗೆಮನೆ.

ಮದುವೆಯಾದಾಗಿನಿಂದ ನಾವಿಬ್ಬರೂ ಒಂದು ಪ್ರಶ್ನೆಗೆ ಏಕಕಾಲಕ್ಕೆ ಉತ್ತರ ಕೊಟ್ಟದ್ದು ಬಹುಶಃ ಅದೇ ಮೊದಲು.

ಆಕೆಯ ಉತ್ತರದ ಹಿಂದೆ ಅನುಭವವಿದೆ. 2023ರ ಜೂನ್ 11ರಂದು ಕರ್ನಾಟಕ ಸರ್ಕಾರ ಶಕ್ತಿ ಯೋಜನೆ ತಂದಿತು. ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಗಡಿಯೊಳಗೆ ಎಲ್ಲಿಗೆ ಬೇಕಾದರೂ ಪುಕ್ಕಟೆ ಹೋಗಬಹುದು, ರಾಜಹಂಸ, ಎ.ಸಿ., ಸ್ಲೀಪರಿನಂಥ ಐಷಾರಾಮಿ ಬಸ್ಸು ಮಾತ್ರ ಹತ್ತುವಂತಿಲ್ಲ. ಅಲ್ಲಿಯವರೆಗೆ ನಮ್ಮಾಕಿಯ ಪ್ರವಾಸವೆಂದರೆ ಪಂಚಮಿಗೆ ತವರು, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡ. ಶಕ್ತಿ ಬಂದದ್ದೇ ತಡ, ಮಂಗಳವಾರ ಗುಡ್ಡ, ಶುಕ್ರವಾರ ಮತ್ತೆ ಗುಡ್ಡ. ಬೀಗರು ಚಕ್ಕುಲಿ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನು ಖಾಲಿ ಕೊಡಬಾರದೆಂದು ಶೇಂಗಾ ಹೋಳಿಗೆ ತುಂಬಿಕೊಂಡು ರಾಮದುರ್ಗಕ್ಕೆ ಹೋದಳು. ಅವರು ಅದೇ ಡಬ್ಬಿಯಲ್ಲಿ ಕರದಂಟು ಹಾಕಿ ಕಳಿಸಿದರು. ಆ ಡಬ್ಬಿ ಈಗಲೂ ಎರಡು ಊರಿನ ನಡುವೆ ಓಡಾಡುತ್ತಲೇ ಇದೆ. ಅದಕ್ಕೂ ಟಿಕೆಟ್ ಇಲ್ಲ.

ಹೋಗುವುದಷ್ಟೇ ಅಲ್ಲ, ಇಳಿಯುವುದನ್ನೂ ಕಲಿತಳು. ಸವದತ್ತಿಗೆಂದು ಹೊರಟವಳು ನಡುವೆ ಯಾವುದೋ ಊರಿನ ಸಂತೆಯಲ್ಲಿ ಎಳೇ ಬದನೆಕಾಯಿ ಕಂಡವೆಂದು ಇಳಿಯುತ್ತಾಳೆ. ಖರೀದಿ ಮುಗಿಸಿ ಹಿಂದಿನ ಬಸ್ ಹತ್ತುತ್ತಾಳೆ. ಇನ್ನೊಮ್ಮೆ ಆಧಾರ್ ಕಾರ್ಡ್ ತೋರಿಸಿದರೆ ಇನ್ನೊಂದು ಶೂನ್ಯ ಟಿಕೆಟ್. ಶೂನ್ಯಕ್ಕೆ ಶೂನ್ಯ ಕೂಡಿಸಿದರೆ ಶೂನ್ಯವೇ ಎಂದು ಪ್ರಾಥಮಿಕ ಶಾಲೆಯಲ್ಲಿ ಸರ್ವಿಸ್ ತುಂಬ ಗಣಿತ ಕಲಿಸಿದವನು ನಾನು; ಆ ಲೆಕ್ಕದಿಂದ ಲಾಭ ಮಾಡಿಕೊಂಡವಳು ಅವಳು.

ನಾನು ಟಿಕೆಟಿನವನು. ಅರವತ್ತು ದಾಟಿದ್ದರಿಂದ ನಮ್ಮ ವಾಯವ್ಯ ಸಾರಿಗೆಯಲ್ಲಿ ನನಗೆ ಶೇಕಡಾ 25ರ ರಿಯಾಯಿತಿ ಸಿಗುತ್ತದೆ, ಆದರೂ ಟಿಕೆಟ್ ಟಿಕೆಟ್ಟೇ. ಅದನ್ನು ಅಂಗಿಯ ಕಿಸೆಯಲ್ಲಿಟ್ಟು, ನಡುನಡುವೆ ಮುಟ್ಟಿ ನೋಡಿಕೊಂಡು, ಕೊಟ್ಟ ರೊಕ್ಕದ ಊರು ಬರುವವರೆಗೂ ಸೀಟು ಬಿಟ್ಟು ಏಳುವುದಿಲ್ಲ. ನಡುವೆ ಹೊಳೆ ಬರಲಿ, ಜಾತ್ರೆ ಬರಲಿ, ಗೆಳೆಯನ ಮನೆಯೇ ಬರಲಿ, ನಾನು ಕಿಟಕಿಯಿಂದ ಕೈ ಬೀಸುತ್ತೇನೆ. ಟಿಕೆಟಿನ ಹಿಂದೆ ಕಂಡಕ್ಟರ್ ‘4’ ಎಂದು ಗೀಚಿ ಕೊಟ್ಟಿದ್ದರಂತೂ ಕಿಟಕಿಯನ್ನೂ ನೋಡುವುದಿಲ್ಲ. ಆ ನಾಲ್ಕು ರೂಪಾಯಿ ಚಿಲ್ಲರೆ ಕೈಗೆ ಬರುವತನಕ ನನ್ನ ಕಣ್ಣು ಅವರ ಚೀಲದ ಮೇಲೆಯೇ.

ಮನೆಯಲ್ಲಿ ತೀರದ ಮಾತನ್ನು ಬಸ್ ಸ್ಟ್ಯಾಂಡ್ ಬಾಜೂ ಇರುವ ಚಹಾದಂಗಡಿಗೆ ಒಯ್ಯುವುದು ನಮ್ಮೂರ ಪದ್ಧತಿ. ಮುಂಜಾನೆ ಅಲ್ಲಿ ಕೂಡುವ ಮಂದಿಯಲ್ಲಿ ಯಾರೂ ಯುರೋಪಿನ ರೈಲು ಹತ್ತಿದವರಲ್ಲ, ಹಾಗಾಗಿ ಎಲ್ಲರಿಗೂ ಖಚಿತವಾದ ಅಭಿಪ್ರಾಯವಿತ್ತು. ಅಳಿಯ ಫೋನಿಗೆ ಕಳಿಸಿದ್ದನ್ನು ನಾನು ಓದಿ ಹೇಳಿದೆ. ಯೂರೇಲ್ ಅಂತ ಒಂದು ಪಾಸ್. 1959ರಲ್ಲಿ ಸುರುವಾದದ್ದು, ಯುರೋಪಿನ ಹೊರಗಿನಿಂದ ಬರುವವರಿಗೆಂದೇ ಮಾಡಿದ್ದು. ಯುರೋಪಿನವರಿಗೆ ಬೇರೆ, ಅದರ ಹೆಸರು ಇಂಟರ್‌ರೇಲ್, 1972ರದ್ದು. ಈಗ ಒಂದೇ ಪಾಸಿನಲ್ಲಿ 33 ದೇಶ. ತಿಂಗಳೊಳಗೆ ನಮಗೆ ಬೇಕಾದ ಐದು ದಿನ ಆರಿಸಿಕೊಳ್ಳುವುದು. ಆರಿಸಿಕೊಂಡ ದಿನ ನಡುರಾತ್ರಿಯಿಂದ ನಡುರಾತ್ರಿಯತನಕ ಎಷ್ಟು ರೈಲು ಬೇಕಾದರೂ ಹತ್ತಬಹುದು, ಎಷ್ಟು ಸಲ ಬೇಕಾದರೂ ಇಳಿಯಬಹುದು.

“ರೇಟ್?” ಎಂದರು ಹತ್ತಿ ಅಡತಿಯ ಸಾಹುಕಾರರು. ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಕೊಂಡು ಮಾರಿದವರಿಗೆ ಮೊದಲು ಬರುವ ಪ್ರಶ್ನೆ ಅದೇ.

“ಐದು ದಿನದ್ದು ಒಬ್ಬರಿಗೆ 300 ಯೂರೋ ದಾಟತೈತಿ. ಒಂದು ಯೂರೋಕ್ಕ ನೂರು ರೂಪಾಯಿ ಆಜೂಬಾಜೂ.”

“ಅಂದ್ರ ದಿನಕ್ಕ ಆರು ಸಾವಿರ!” ಚಹಾದಂಗಡಿಯವನೇ ಬಸಿ ಒರೆಸುವುದು ಬಿಟ್ಟು ಲೆಕ್ಕ ಹೇಳಿದ. “ಟಿಕೆಟ್?”

“ಅದಕ್ಕ ಇಂಥದ ರೇಟ್ ಅಂತ ಇಲ್ಲ. ತಿಂಗಳುಗಟ್ಟಲೆ ಮೊದಲs ತಗದ್ರ ಸೋವಿ. ಹೋಗೂ ದಿನ ತಗದ್ರ ಮೂರು ಪಟ್ಟೂ ಆಗಬಹುದು. ಸೋವಿ ಟಿಕೆಟಿಗೆ ಒಂದು ಕಟ್ಟು ಐತಿ. ಯಾವ ರೈಲಿಗೆ ತಗದೀವೋ ಅದನ್ನs ಹತ್ತಬೇಕು. ತಪ್ಪಿಸಿಕೊಂಡ್ರ ರೊಕ್ಕ ಹೋತು.”

ಸಾಹುಕಾರರ ಮುಖ ಅರಳಿತು. “ಇದು ನಮ್ಮ ಮುಂಗಡ ವ್ಯಾಪಾರ ಇದ್ದಂಗs ಐತ್ರೀ ಸರ್. ಹತ್ತಿ ಇನ್ನಾ ಗಿಡದಾಗ ಇದ್ದಾಗs ರೇಟ್ ಮುರದು ಬಿಡೂದು. ಧೈರ್ಯ ಇದ್ದಾವಗ ಲಾಭ. ಟಿಕೆಟ್ ತಗಸ್ರಿ.”

ಕಾಲೇಜಿಗೆ ಹೊರಟಿದ್ದ ಹುಡುಗನೊಬ್ಬ ಕೊರಳಲ್ಲಿ ಬಸ್ ಪಾಸ್ ತೂಗಾಡಿಸಿಕೊಂಡು ಅಲ್ಲೇ ನಿಂತಿದ್ದ. ಅವನ ಮತ ಪಾಸಿಗೆ. “ಸರ್, ಪಾಸ್ ಇದ್ದಾವ ಬಸ್ ತಪ್ಪಿದ್ರ ಅಳಂಗಿಲ್ರೀ. ಮುಂದಿನ ಬಸ್ಸಿಗೆ ಹೋಗ್ತೀವಿ. ಅದೂ ತಪ್ಪಿದ್ರ ಕಾಲೇಜs ಬಿಡ್ತೀವಿ.” ಅವನ ಮಾತಿನಲ್ಲಿದ್ದ ತತ್ತ್ವ ನನಗೆ ಹಿಡಿಸಿತು, ಉದಾಹರಣೆ ಹಿಡಿಸಲಿಲ್ಲ.

ಕೊನೆಗೆ ಬಾಯಿ ಬಿಟ್ಟವರು ನಿವೃತ್ತ ಕಂಡಕ್ಟರ್ ಕಾಕಾ. ಶಕ್ತಿಗಿಂತ ಮೊದಲೇ ನಿವೃತ್ತರಾದವರು, ಟಿಕೆಟಿಗೆ ಪಂಚ್ ಹೊಡೆದ ಕಾಲದವರು. “ಲೆಕ್ಕಾ ಬಿಡ್ರಿ ಸರ್. ನಾ ಸರ್ವಿಸ್ ತುಂಬ ಮಂದೀನ್ನ ನೋಡೇನಿ. ಇರೂದು ಎರಡs ಜಾತಿ. ಪಾಸಿನವ ಇಳೀತಾನ, ಟಿಕೆಟಿನವ ಮುಟ್ಟತಾನ. ನೀವು ಯಾವ ಜಾತಿ ಅನ್ನೂದು ಮೊದಲ ತಿಳ್ಕೋರಿ.”

ಮಾತು ಚೊಕ್ಕಾಗಿತ್ತು. ಆದರೆ ಅದನ್ನು ಸುಳ್ಳು ಮಾಡುವ ಸಾಕ್ಷಿ ನಮ್ಮ ಓಣಿಯಲ್ಲೇ ಇದೆ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಹೋದ ವರ್ಷ ಹತ್ತು ದಿನದ ಪಾಸ್ ಕೊಂಡು ಯುರೋಪ್ ಮಾಡಿ ಬಂದಿದ್ದಾರೆ. ಪಾಸಿನ ಬೆಲೆಯನ್ನು ಹತ್ತರಿಂದ ಭಾಗಿಸಿ, ದಿನಕ್ಕೆ ಅಷ್ಟು ಯೂರೋದ ಪ್ರಯಾಣ ಆಗಲೇಬೇಕೆಂದು ಡೈರಿಯಲ್ಲಿ ಬರೆದುಕೊಂಡು ಹೊರಟವರು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತುಂಬದಿದ್ದರೆ ಇಳಿದ ನಿಲ್ದಾಣದಲ್ಲೇ ಎದುರಿನ ಪ್ಲಾಟ್‌ಫಾರಂಗೆ ಹೋಗಿ ಯಾವ ರೈಲು ನಿಂತಿದೆಯೋ ಅದನ್ನು ಹತ್ತುತ್ತಿದ್ದರಂತೆ. ರಾತ್ರಿ ರೈಲು ಹತ್ತಿದರೆ ಹೊರಟ ದಿನವೊಂದೇ ಪಾಸಿನಲ್ಲಿ ಖರ್ಚಾಗುತ್ತದೆಂಬ ನಿಯಮವನ್ನು ಓದಿಕೊಂಡು, ಹೋಟೆಲಿನ ರೊಕ್ಕವನ್ನೂ ಉಳಿಸಿದರು. ಅವರು ಯುರೋಪಿನಲ್ಲಿ ಮಲಗಿದ್ದೆಲ್ಲ ಗಂಟೆಗೆ ನೂರು ಕಿಲೋಮೀಟರಿನ ವೇಗದಲ್ಲಿ.

“ಸ್ವಿಟ್ಜರ್ಲೆಂಡ್ ಹೆಂಗಿತ್ರೀ?” ಎಂದು ಕೇಳಿದ್ದೆ.

“ಕತ್ತಲಿ ಭಾಳ,” ಎಂದರು.

ವಿಚಾರಿಸಿದರೆ, ಜ್ಯೂರಿಕ್ಕಿನಿಂದ ಮಿಲಾನಿಗೆ ಬೇಗ ಮುಟ್ಟಬೇಕೆಂದು ಗೊಟ್ಹಾರ್ಡ್ ಬೇಸ್ ಸುರಂಗದ ರೈಲು ಹಿಡಿದಿದ್ದರು. 2016ರಲ್ಲಿ ತೆರೆದ ಆ ಸುರಂಗ 57 ಕಿಲೋಮೀಟರ್, ಜಗತ್ತಿನಲ್ಲೇ ಉದ್ದನೆಯ ರೈಲು ಸುರಂಗ. ಆಲ್ಪ್ಸ್ ಪರ್ವತವನ್ನು ಅವರು ಬುಡದಿಂದ ನೋಡಿದ್ದರು, ಒಳಗಿನಿಂದ. “ಆದ್ರ ಪಾಸ್ ಪೂರಾ ವಸೂಲ್ ಆತ್ರೀ,” ಎಂದು ಸಮಾಧಾನದ ಉಸಿರು ಬಿಟ್ಟರು.

ಈ ಸಾಕ್ಷಿಯನ್ನು ಕಾಕಾರ ಮುಂದಿಟ್ಟೆ. ಪಾಸ್ ಇದ್ದೂ ಇಳಿಯದ ಮನುಷ್ಯ ಇಲ್ಲಿದ್ದಾನಲ್ಲ? ಕಾಕಾ ಬಸಿಯ ಚಹಾ ಮುಗಿಸಿ ಹೇಳಿದರು: “ಅವರು ಪಾಸ್ ತಗೊಂಡ ಟಿಕೆಟಿನವರು, ಸರ್.”

ನನಗೆ ತುಸು ಗಾಬರಿಯಾಯಿತು. ಕೈಯಲ್ಲಿ ಏನಿದೆ ಎಂಬುದರಿಂದ ಜಾತಿ ತೀರ್ಮಾನವಾಗುವುದಿಲ್ಲ ಎಂದಾದರೆ, ಪಾಸ್ ಕೊಂಡರೂ ನಾನು ಹೀಗೆಯೇ ಡೈರಿ ಹಿಡಿದುಕೊಂಡು ಸುರಂಗದಲ್ಲಿ ಕುಳಿತಿರುತ್ತೇನೆ. ನಮ್ಮಾಕಿಗೆ ಟಿಕೆಟ್ ಕೊಡಿಸಿದರೂ ಆಕೆ ನಡುವೆ ಇಳಿದೇ ಇಳಿಯುತ್ತಾಳೆ. ರೊಕ್ಕ ಮಾತ್ರ ರೈಲಿನ ಜೊತೆ ಮುಂದಕ್ಕೆ ಹೋಗುತ್ತದೆ.

ಪ್ರಯಾಣಕ್ಕೂ ನಮ್ಮ ಸೀಮೆಗೂ ಇನ್ನೊಂದು ಹಳೆಯ ಸಂಬಂಧವಿದೆ. 1824ರ ಅಕ್ಟೋಬರಿನಲ್ಲಿ ಧಾರವಾಡದ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಕಿತ್ತೂರಿಗೆ ಬಂದ. ಯಾವ ಲೆಕ್ಕದಿಂದ ನೋಡಿದರೂ ಅವನು ಟಿಕೆಟಿನ ಮನುಷ್ಯ: ಎಲ್ಲಿಗೆ, ಯಾವ ದಿನ, ಎಷ್ಟು ತೋಪು, ಎಲ್ಲ ಮೊದಲೇ ನಿಕ್ಕಿ ಮಾಡಿಕೊಂಡು ಹೊರಟವನು. ಅಕ್ಟೋಬರ್ 23ರಂದು ಚೆನ್ನಮ್ಮನ ಸೈನ್ಯ ಅವನಿಗೆ ಮರಳಿ ಹೋಗುವ ಖರ್ಚು ಉಳಿಸಿತು. ಈಗ ಪ್ರತಿ ವರ್ಷ ಆ ದಿನದಿಂದ ಕಿತ್ತೂರು ಉತ್ಸವ. ಈ ಥ್ಯಾಕರೆಯ ಅಣ್ಣನ ಮಗನೇ ಇಂಗ್ಲಿಷಿನ ದೊಡ್ಡ ಕಾದಂಬರಿಕಾರ ಥ್ಯಾಕರೆ. ರೈನ್ ನದಿಯ ಗುಂಟ ಪ್ರವಾಸ ಹೋಗುವ ಇಂಗ್ಲಿಷ್ ಕುಟುಂಬವೊಂದರ ಪಜೀತಿಗಳನ್ನು ಗೇಲಿ ಮಾಡಿ ಆತ 1850ರಲ್ಲಿ ಒಂದು ಪುಸ್ತಕವನ್ನೇ ಬರೆದ. ತನ್ನ ಚಿಕ್ಕಪ್ಪನಿಗೆ ಕಿತ್ತೂರಿನಲ್ಲಾದದ್ದು ಗೊತ್ತಿದ್ದವನು ಪ್ರವಾಸಿಗಳನ್ನು ನೋಡಿ ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಜರ್ಮನಿಯಿಂದ ಎಕ್ಸೆಲ್ ಶೀಟ್ ಬಂತು. ನಮ್ಮ ಅಳಿಯ ಕಂಪ್ಯೂಟರಿನವನು. ಉಪ್ಪಿಟ್ಟು ಮಾಡುವುದಿದ್ದರೂ ಮೊದಲು ಶೀಟ್ ತೆರೆಯುವ ಪೈಕಿ. ಒಂದು ಕಡೆ ಪಾಸ್, ಇನ್ನೊಂದು ಕಡೆ ಟಿಕೆಟ್. ಸ್ಟುಟ್‌ಗಾರ್ಟಿನಿಂದ ಪ್ಯಾರಿಸ್, ಪ್ಯಾರಿಸಿನಿಂದ ಸ್ವಿಟ್ಜರ್ಲೆಂಡಿನ ಲುಝರ್ನ್, ಅಲ್ಲಿಂದ ಮಿಲಾನ್, ಮಿಲಾನಿನಿಂದ ವೆನಿಸ್, ವೆನಿಸಿನಿಂದ ಮ್ಯೂನಿಕ್ ಮೇಲೆ ಹಾಯ್ದು ಮರಳಿ ಸ್ಟುಟ್‌ಗಾರ್ಟ್. ದೊಡ್ಡ ಓಡಾಟ ಐದು ದಿನ. ಎಲ್ಲ ಮುಂಗಡ ಕೊಂಡರೆ ಟಿಕೆಟಿನ ಮೊತ್ತ ಪಾಸಿಗಿಂತ ಎದ್ದು ಕಾಣುವಷ್ಟು ಕಡಿಮೆ. ನಾನು ಗೆದ್ದೆ ಎಂದುಕೊಂಡೆ.

ಅದರಲ್ಲೂ ಪಾಸಿಗೆ ಒಂದು ಗುಟ್ಟಿನ ಖರ್ಚಿದೆ ಎಂದು ಅಳಿಯ ಕೆಂಪು ಅಕ್ಷರದಲ್ಲಿ ಬರೆದಿದ್ದ. ಫ್ರಾನ್ಸಿನ ಟಿ.ಜಿ.ವಿ., ಇಟಲಿಯ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಬೇರೆ ರೊಕ್ಕ ಕೊಟ್ಟು ಕಾದಿರಿಸಬೇಕು. ಲಂಡನ್ನಿಗೆ ಹೋಗುವ ಯೂರೋಸ್ಟಾರಿನಲ್ಲಂತೂ ಅದೇ 30 ಯೂರೋ ಸುತ್ತಮುತ್ತ. ಕೆಲವು ರೈಲಿನಲ್ಲಿ ಪಾಸಿನವರಿಗೆಂದು ಇಂತಿಷ್ಟೇ ಸೀಟು. ಅವು ತುಂಬಿದರೆ ಪಾಸು ಕೈಯಲ್ಲಿ, ರೈಲು ಹಳಿಯ ಮೇಲೆ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ ಬೆಟ್ಟದ ರೈಲಿಗೆ ಪಾಸು ನಡೆಯುವುದಿಲ್ಲ, ಬರೀ ರಿಯಾಯಿತಿ.

“ರಾಜಹಂಸಕ್ಕ ಶಕ್ತಿ ನಡಿಯಂಗಿಲ್ಲಲ್ಲ, ಹಂಗs,” ಎಂದಳು ನಮ್ಮಾಕಿ, ಎಲ್ಲ ಬಲ್ಲವರಂತೆ. “ರಾಜಹಂಸ ಬಿಟ್ಟು ಆರ್ಡಿನರಿ ಹತ್ತೂದಪ್ಪಾ. ಅಲ್ಲೆ ಆರ್ಡಿನರಿ ರೈಲು ಇಲ್ಲೇನು?”

ಇವೆ. ಅಳಿಯ ಅದನ್ನೂ ಹೇಳಿದ. ಜರ್ಮನಿಯಲ್ಲಂತೂ ವೇಗದ ರೈಲಿಗೂ ಸೀಟು ಕಾದಿರಿಸುವ ಒತ್ತಾಯವಿಲ್ಲ. ಜೊತೆಗೆ ಅವರು 2023ರ ಮೇ 1ರಿಂದ, ನಮ್ಮ ಶಕ್ತಿಗಿಂತ ಐದಾರು ವಾರ ಮೊದಲು, ಡಾಯ್ಚ್‌ಲಾಂಡ್ ಟಿಕೆಟ್ ಎಂದು ತಂದಿದ್ದಾರೆ. ತಿಂಗಳಿಗೆ 49 ಯೂರೋ ಇತ್ತು, 2025ರಲ್ಲಿ 58 ಆಯಿತು. ಅದರಲ್ಲಿ ದೇಶದ ಎಲ್ಲ ಊರಿನ ಬಸ್ಸು, ಟ್ರಾಮು, ಹತ್ತಿರದೂರಿನ ರೈಲು ಬಂತು. ವೇಗದ ದೂರದ ರೈಲು ಬರಲಿಲ್ಲ. ಮಗ್ಗುಲಿನ ಲಕ್ಸೆಂಬರ್ಗ್ ಇನ್ನೂ ಮುಂದೆ ಹೋಗಿ, 2020ರ ಫೆಬ್ರುವರಿ 29ರಿಂದ ದೇಶದೊಳಗಿನ ಬಸ್ಸು, ಟ್ರಾಮು, ರೈಲು ಎಲ್ಲವನ್ನೂ ಪುಕ್ಕಟೆ ಮಾಡಿಬಿಟ್ಟಿದೆ. ಫಸ್ಟ್ ಕ್ಲಾಸಿಗೆ ಮಾತ್ರ ರೊಕ್ಕ.

“ಗಂಡಸರಿಗೂ ಪುಕ್ಕಟೇನ?” ಎಂದು ಕೇಳಿದಳು.

“ಗಂಡಸರಿಗೂ ಪುಕ್ಕಟೆ, ಅತ್ತಿ.”

“ಪಾಪ, ಅಲ್ಲಿ ಹೆಣ್ಣಮಕ್ಕಳಿಗೆ ಮತ್ತ ಸುಖ ಏನ ಉಳೀತು?”

ಆಮೇಲೆ ಆಕೆ ಫೋನನ್ನು ತನ್ನ ಕಡೆ ಎಳೆದುಕೊಂಡು, ಸ್ಟುಟ್‌ಗಾರ್ಟ್‌ನಿಂದ ಪ್ಯಾರಿಸ್ಸಿನ ದಾರಿಯನ್ನು ಬೆರಳಿನಿಂದ ಹಿಡಿದು ಹೊರಟಳು. ಬೆರಳು ಸ್ಟ್ರಾಸ್‌ಬರ್ಗಿನಲ್ಲಿ ನಿಂತಿತು. ಅಲ್ಲಿ 142 ಮೀಟರಿನ ಗೋಪುರದ ಚರ್ಚಿದೆ, ಎರಡು ಶತಮಾನಕ್ಕೂ ಹೆಚ್ಚು ಕಾಲ ಅದೇ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು ಎಂದು ಮಗಳು ಹೇಳಿದ್ದೇ ತಪ್ಪಾಯಿತು. “ಅಷ್ಟು ದೊಡ್ಡ ಗುಡಿ ಮುಂದ ಹಾದು ಇಳೀಲಾರದs ಹೋಗೂದೇನು? ಯಲ್ಲಮ್ಮನ ಗುಡ್ಡದ ಬುಡಕ ಹೋಗಿ ಹಂಗs ತಿರಗಿ ಬಂದಂಗ ಆಗತೈತಿ. ಅಲ್ಲೆ ಇಳಿಯೂದು,” ಎಂದು ತೀರ್ಪಾಯಿತು. ಬೆರಳು ಮುಂದುವರಿದು ಮಿಲಾನ್ ಮತ್ತು ವೆನಿಸ್ ನಡುವೆ ವೆರೋನಾದಲ್ಲಿ ಇಳಿಯಿತು. ವೆನಿಸಿನಿಂದ ಬರುವಾಗ ಬ್ರೆನ್ನರ್ ಕಣಿವೆ ದಾಟಿ ಇನ್ಸ್‌ಬ್ರುಕ್ಕಿನಲ್ಲಿ ಇಳಿಯಿತು. ಅಲ್ಲೊಂದು ನದಿ ಕಂಡಿತ್ತು.

ಅಳಿಯ ಇಳಿದಲ್ಲೆಲ್ಲ ಟಿಕೆಟನ್ನು ಎರಡು ತುಂಡು ಮಾಡಿ ಶೀಟಿಗೆ ಹಾಕುತ್ತ ಹೋದ. ಒಂದು ಉದ್ದನೆಯ ಸೋವಿ ಟಿಕೆಟ್ ಎರಡು ಗಿಡ್ಡ ತುಟ್ಟಿ ಟಿಕೆಟ್ ಆಗುತ್ತಿತ್ತು. ಜೊತೆಗೆ ಪ್ರತಿ ಊರಿನಲ್ಲೂ “ಮುಂದಿನ ರೈಲು ಎಷ್ಟಕ್ಕ ಹಿಡೀತೀರಿ ಅತ್ತಿ?” ಎಂದು ಕೇಳಬೇಕಾಗಿತ್ತು. “ಅದನ್ನ ಈಗs ಹೆಂಗ ಹೇಳಲೋ? ನೋಡಿ ಮುಗಿದ ಮ್ಯಾಲೆ,” ಎಂಬುದೇ ಉತ್ತರ. ಈ ಉತ್ತರವನ್ನು ಎಕ್ಸೆಲ್ಲಿನಲ್ಲಿ ಬರೆಯಲು ಬರುವುದಿಲ್ಲ.

ನಾನು ಕೊನೆಯ ಬಾಣ ಬಿಟ್ಟೆ: ಯುರೋಪಿನ ರೈಲು ಗಡಿಯಾರದಂತೆ ಓಡುತ್ತವೆ, ಹಾಗಾಗಿ ಎಲ್ಲವನ್ನೂ ಮೊದಲೇ ನಿಕ್ಕಿ ಮಾಡಬಹುದು. ಅಳಿಯ ನಕ್ಕ. ಸ್ವಿಟ್ಜರ್ಲೆಂಡಿನ ಮಾತು ಖರೆ, ಜರ್ಮನಿಯದಲ್ಲ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ವೇಳೆಗೆ ಮುಟ್ಟಿದವು ಶೇಕಡಾ 62ರಷ್ಟು. ಅಲ್ಲಿ ಆರು ನಿಮಿಷ ಮೀರಿದರೆ ತಡ ಎಂದು ಲೆಕ್ಕ. ಇದನ್ನು ಮರುದಿನ ಕಾಕಾರಿಗೆ ಹೇಳಿದಾಗ ಅವರಿಗೆ ನಂಬಿಕೆ ಬರಲಿಲ್ಲ. “ಆರು ನಿಮಿಷಕ್ಕೂ ಲೆಕ್ಕಾ ಹಿಡೀತಾರ? ನಮ್ಮಲ್ಲೆ ಅಷ್ಟರಾಗ ಡ್ರೈವರ್ ಕೈ ತೊಳಕೊಂಡು ಬರಂಗಿಲ್ಲ.”

ಹೀಗೆ ಶೀಟಿನ ಎರಡೂ ಕಡೆ ಸರಿಸಮ ಆಗುತ್ತ ಬಂತು. ಆಗ ನನಗೆ ತಿಳಿದದ್ದಿಷ್ಟು. ಟಿಕೆಟ್ ಸೋವಿ, ನಿಜ. ನಾಳೆ ಏನು ಮಾಡುತ್ತೇವೆಂದು ಇಂದೇ ಬರೆದುಕೊಡುವವರಿಗೆ ಕೊಡುವ ಬಹುಮಾನ ಅದು. ಪಾಸ್ ತುಟ್ಟಿ; ಮನಸ್ಸು ಬದಲಿಸುವ ಹಕ್ಕಿಗೆ ಕೊಡುವ ಬಾಡಿಗೆ ಅದು. ಒಬ್ಬನೇ ಹೋಗುವವನು ತನ್ನ ಮನಸ್ಸನ್ನು ತಾನು ಅರಿತು ಯಾವುದನ್ನಾದರೂ ಕೊಳ್ಳಬಹುದು. ಗಂಡ ಹೆಂಡತಿ ಕೂಡಿ ಹೊರಟಾಗ ಇಬ್ಬರಲ್ಲಿ ಯಾರ ಮನಸ್ಸು ಹೆಚ್ಚು ಬದಲಾಗುತ್ತದೋ ಅವರ ಲೆಕ್ಕದಲ್ಲೇ ಇಬ್ಬರಿಗೂ ಕೊಳ್ಳಬೇಕು. ಆಕೆಗೆ ಪಾಸ್, ನನಗೆ ಟಿಕೆಟ್ ಎಂಬ ಹಂಚಿಕೆಯನ್ನೂ ನಾನು ಮುಂದಿಟ್ಟು ನೋಡಿದೆ. ಬೈಲಹೊಂಗಲದಲ್ಲಿ ಅದು ನಡೆಯುತ್ತದೆ. ಆಕೆ ಸಂತೆಯಲ್ಲಿ ಇಳಿದರೂ ನಾನು ಸವದತ್ತಿಗೆ ಹೋಗಿ ಮಾವನ ಮನೆಯ ಕಟ್ಟೆಯ ಮೇಲೆ ಕಾಯುತ್ತೇನೆ. ಪ್ಯಾರಿಸಿನಲ್ಲಿ ನನಗೆ ಯಾರ ಕಟ್ಟೆಯಿದೆ?

“ಆತು, ಪಾಸ್,” ಎಂದೆ.

ಈಗ ಉಳಿದದ್ದು ಒಂದು ಸಣ್ಣ ಸಂಗತಿ. 60 ತುಂಬಿದವರಿಗೆ ಯೂರೇಲ್ ಪಾಸಿನಲ್ಲಿ ಶೇಕಡಾ 10 ಕಡಿಮೆ. ನನ್ನದು ಸರಿಹೋಯಿತು. ನಮ್ಮಾಕಿಯ ಪಾಸ್‌ಪೋರ್ಟ್ ತೆಗೆದು ನೋಡಿದರೆ ಹುಟ್ಟಿದ ದಿನ ಜೂನ್ 1. ನನ್ನದೂ ಜೂನ್ 1. ನಮ್ಮ ಭಾಗದ ಅರ್ಧ ಜನ ಹುಟ್ಟಿದ್ದು ಜೂನ್ 1ರಂದೇ. ಕೂಸನ್ನು ಶಾಲೆಗೆ ಹಚ್ಚಲು ಅವ್ವ ಎತ್ತಿಕೊಂಡು ಬಂದಾಗ ಮಾಸ್ತರರು “ಯಾವಾಗ ಹುಟ್ಟಿದ್ದು?” ಎಂದು ಕೇಳುತ್ತಿದ್ದರು. “ಸೀಗಿ ಹುಣ್ಣಿಮಿ ಮುಂದ, ಮಳಿ ಹೋದ ವರ್ಷ” ಎಂದು ಉತ್ತರ ಬರುತ್ತಿತ್ತು. ಮಾಸ್ತರರು ಕೂಸಿನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ ನೋಡಿ, ರಜಿಸ್ಟರಿನಲ್ಲಿ ಜೂನ್ 1 ಎಂದು ಬರೆದು, ಮುಂದಿನ ಕೂಸನ್ನು ಕರೆಯುತ್ತಿದ್ದರು. ನಾನೇ ಎಷ್ಟೋ ಮಕ್ಕಳನ್ನು ಆ ದಿನ ಹುಟ್ಟಿಸಿದ್ದೇನೆ.

ಬರುವ ಜೂನ್ 1ಕ್ಕೆ ನಮ್ಮಾಕಿಗೆ ಪಾಸ್‌ಪೋರ್ಟಿನ ಪ್ರಕಾರ 60 ತುಂಬುತ್ತದೆ. ಮಗಳು ಮೇ ತಿಂಗಳಲ್ಲಿ ಗೊತ್ತು ಮಾಡಿದ್ದ ಪ್ರಯಾಣವನ್ನು ಜೂನಿಗೆ ಸರಿಸಿದಳು. ಸರಿಸಮವಾಗಿದ್ದ ಶೀಟು ಆ ಶೇಕಡಾ 10ರಿಂದ ಪಾಸಿನ ಕಡೆ ವಾಲಿತು. ಸವದತ್ತಿಯ ಯಾವುದೋ ಮಾಸ್ತರರು ಆ ಕಾಲದಲ್ಲಿ ಅಂದಾಜಿನಲ್ಲಿ ಬರೆದದ್ದನ್ನು 33 ದೇಶಗಳ ರೈಲ್ವೆಗಳು ಕೂಡಿ ಮಾನ್ಯ ಮಾಡಿದವು.

ಮಾನ್ಯ ಮಾಡದವಳು ಒಬ್ಬಳೇ. “ಸೀಗಿ ಹುಣ್ಣಿಮಿ ಬಂದಿಲ್ಲ, ನನಗೆಲ್ಲಿ ಅರವತ್ತು?” ಎಂದು ಪಟ್ಟು ಹಿಡಿದಳು. “ಅದೂ ನಮ್ಮ ವಾಯವ್ಯ ಸಾರಿಗಿಯೊಳಗ ನಿಮಗ 25 ಬಿಡ್ತಾರ. ಇವರು ಇಷ್ಟು ದೊಡ್ಡ ದೇಶದವರು, ಬರೇ 10 ಬಿಡ್ತಾರಂತ. ಇಷ್ಟಕ್ಕ ನಾ ಮುದುಕಿ ಆಗ್ಬೇಕೇನ್ರೀ?”

ಶೇಕಡಾ ಹತ್ತೆಂದರೆ 30 ಯೂರೋ, ಅಂದರೆ ಮೂರು ಸಾವಿರ ರೂಪಾಯಿ ಎಂದು ಬಿಡಿಸಿ ಹೇಳಿದೆ. ಒಂದು ರಾತ್ರಿ ವಿಚಾರ ಮಾಡಿ, ಬೆಳಗ್ಗೆ ಕರಾರು ಹೇಳಿದಳು: ಅರವತ್ತು ಯುರೋಪಿನಲ್ಲಿ ಮಾತ್ರ ನಡೆಯತಕ್ಕದ್ದು, ತಿರುಗಿ ಬಂದು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಕಾಲಿಟ್ಟ ಕೂಡಲೇ ಐವತ್ತೊಂಬತ್ತು. ನಾನು ಒಪ್ಪಿದೆ. ಒಪ್ಪಲು ತೊಂದರೆಯೇನೂ ಇರಲಿಲ್ಲ. ಶೂನ್ಯ ಟಿಕೆಟಿಗೆ ಯಾರೂ ವಯಸ್ಸು ಕೇಳುವುದಿಲ್ಲ.